‘ನಾನು ಚಿಲಕ ಹಾಕಿದ್ದೇನಾ?’: ಒಂದು ಕಳವು, ಇಬ್ಬರು ಮಕ್ಕಳು

ಉಡುಪಿ ಜಿಲ್ಲೆಯ ಕಡಲ ಬದಿಯ ಒಂದು ಊರು. ಮಲ್ಪೆಯೋ, ಗಂಗೊಳ್ಳಿಯೋ, ಹೆಜಮಾಡಿಯೋ ಅಂತ ಹೇಳುವುದಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ತಪ್ಪು ಮಾಡಿದ ಮಗುವಿನ ಗುರುತನ್ನೂ ಬಿಟ್ಟುಕೊಡುವಂತಿಲ್ಲ, ನೊಂದ ಮಗುವಿನ ಗುರುತನ್ನೂ ಬಿಟ್ಟುಕೊಡುವಂತಿಲ್ಲ. ಹಾಗಾಗಿ ಹೆಸರು, ಹಣದ ಲೆಕ್ಕ, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಹುಡುಗಿಯನ್ನು ಸುಮಾ ಅಂತಲೂ ಹುಡುಗನನ್ನು ಮಂಜು ಅಂತಲೂ ಕರೆಯುತ್ತೇನೆ. ನಾವು ತೆಗೆದುಕೊಂಡ ತೀರ್ಮಾನಗಳು ಮತ್ತು ನಾನು ಮಾಡಿದ ತಪ್ಪುಗಳು ಮಾತ್ರ ಇದ್ದ ಹಾಗೇ ಇವೆ. ಈ ಕೆಲಸಕ್ಕೆ ಬರುವ ಬೇರೆಯವರಿಗೆ ಉಪಯೋಗ ಆಗಲಿ ಅಂತಲೇ ಬರೆಯುತ್ತಿದ್ದೇನೆ.

ನಾನು ಮಕ್ಕಳ ಜೊತೆ ಕೆಲಸ ಮಾಡುವ ಸಮಾಜ ಕಾರ್ಯಕರ್ತೆ. ಬಾಲ ನ್ಯಾಯ ಮಂಡಳಿ ಸೂಚಿಸಿದಾಗ ಮಕ್ಕಳನ್ನೂ ಮನೆಯವರನ್ನೂ ಕೂರಿಸಿ ಮಾತಾಡುವುದು ನನ್ನ ಕೆಲಸ.

ಹಿನ್ನೆಲೆ

ಮಳೆಗಾಲದಲ್ಲಿ ಕಡಲಿಗೆ ರಜೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಬೋಟುಗಳು ಬಂದರಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಕೆಲಸದವರಲ್ಲಿ ಕೆಲವರು ಊರಿಗೆ ಹೋಗುತ್ತಾರೆ, ಕೆಲವರು ಇಲ್ಲೇ ಸಿಕ್ಕಿದ ಕೂಲಿ ಮಾಡುತ್ತಾರೆ. ಮಂಜುವಿನ ಮನೆಯವರು ಕೊಪ್ಪಳ ಕಡೆಯವರು. ಅಪ್ಪ ಮೊದಲು ಗಾರೆ ಕೆಲಸಕ್ಕೆ ಅಂತ ಬಂದು, ಆಮೇಲೆ ಬೋಟಿಗೆ ಸೇರಿದವರು. ಮಂಜುವಿಗೆ 16 ವರ್ಷ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ವಿಷಯ ಹೋಗಿತ್ತು. ಬಂದರಿನಲ್ಲಿ ಚಿಲ್ಲರೆ ಕೆಲಸ ಮಾಡುತ್ತಿದ್ದ. ಫೋನಿನಲ್ಲಿ ದುಡ್ಡಿಟ್ಟು ಆಡುವ ಆಟದ ಚಟ ಹತ್ತಿತ್ತು. ಅದಕ್ಕಾಗಿ ತನಗಿಂತ ದೊಡ್ಡ ಹುಡುಗನೊಬ್ಬನ ಹತ್ತಿರ ಒಂಬತ್ತು ಸಾವಿರ ಸಾಲ ಮಾಡಿದ್ದ. ರಜೆಯ ಎರಡು ತಿಂಗಳು ಕೈಯಲ್ಲಿ ಒಂದು ರೂಪಾಯಿ ಇಲ್ಲ, ಸಾಲ ಕೊಟ್ಟವನು ದಾರಿಯಲ್ಲಿ ಅಡ್ಡ ಹಾಕಿ ಎರಡು ಸಲ ಹೊಡೆದಿದ್ದ.

ಸುಮಾಳಿಗೆ 14, ಒಂಬತ್ತನೇ ತರಗತಿ. ಅಪ್ಪ ತೀರಿಹೋಗಿದ್ದಾರೆ. ಅಮ್ಮ ರಸ್ತೆ ಬದಿಯಲ್ಲಿ ಸಣ್ಣ ಚಾದಂಗಡಿ ನಡೆಸುತ್ತಾರೆ. ಬೆಳಿಗ್ಗೆ ಬನ್ಸ್, ಸಂಜೆ ಗೋಳಿಬಜೆ. ಹಳೇ ಹೆಂಚಿನ ಮಾಡು, ಎದುರಿಗೆ ಬೀಗ ಹಾಕುವ ಬಾಗಿಲು, ಹಿಂದೆ ಒಳಗಿನಿಂದ ಚಿಲಕ ಹಾಕುವ ಬಾಗಿಲು. ಊರಿನವರೆಲ್ಲ ಅವರನ್ನು ಅಕ್ಕ ಅಂತಲೇ ಕರೆಯುವುದು, ನಾನೂ ಹಾಗೇ ಕರೆಯುತ್ತೇನೆ. ಮಹಿಳೆಯರ ಸ್ವಸಹಾಯ ಸಂಘದ ಹಣ ಆ ವಾರ ಅಕ್ಕನ ಹತ್ತಿರ ಇತ್ತು.

ಜುಲೈ ನಡುವಿಗೆ ಶುರುವಾಗುವ ತುಳುವರ ಆಟಿ ತಿಂಗಳ ಒಂದು ರಾತ್ರಿ, ಜೋರು ಮಳೆ. ಅಕ್ಕನಿಗೆ ಜ್ವರ ಬಂದು ಮಧ್ಯಾಹ್ನವೇ ಮನೆಗೆ ಹೋಗಿದ್ದರು. ಅಂಗಡಿ ಮುಚ್ಚಿದ್ದು ಸುಮಾ. ಬೆಳಿಗ್ಗೆ ಬಂದು ನೋಡಿದರೆ ಹಿಂಬಾಗಿಲು ತೆರೆದಿತ್ತು. ಚಿಲಕ ಮುರಿದಿರಲಿಲ್ಲ, ಬಾಗಿಲಿಗೆ ಒಂದು ಗೀರೂ ಬಿದ್ದಿರಲಿಲ್ಲ. ಡಬ್ಬಿಯಲ್ಲಿ ಇಟ್ಟಿದ್ದ ಸಂಘದ 18,400 ರೂಪಾಯಿ ಇರಲಿಲ್ಲ.

ಎರಡು ದಿನದಲ್ಲಿ ಹುಡುಗರು ಸಿಕ್ಕಿಬಿದ್ದರು. ಮಂಜುವಿನ ಜೊತೆ 15 ವರ್ಷದ ಇನ್ನೊಬ್ಬ ಇದ್ದ. ಅವರ ಹತ್ತಿರ 5,200 ರೂಪಾಯಿ ಉಳಿದಿತ್ತು. ದೊಡ್ಡವರು ಯಾರೂ ಜೊತೆಗಿರಲಿಲ್ಲ, ಕಾನೂನು ಘೋರ ಅಪರಾಧ ಅಂತ ಕರೆಯುವ ಸಾಲಿಗೂ ಇದು ಸೇರುವುದಿಲ್ಲ. ಇಂಥ ಪ್ರಕರಣದಲ್ಲಿ ಎಫ್‌ಐಆರ್ ಹಾಕುವುದಿಲ್ಲ ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದು, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿ ಜೊತೆಗೆ ಮಂಡಳಿಗೆ ಕಳಿಸುತ್ತಾರೆ. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಇಬ್ಬರು ಹುಡುಗರೂ ಜಾಮೀನಿನ ಮೇಲೆ ಮನೆಗೆ ಹೋದರು. ಆಪ್ತಸಮಾಲೋಚನೆಗೆ ನನ್ನನ್ನು ಕರೆದರು.

ಕಳ್ಳ ಸಿಕ್ಕಿದ ಮೇಲೂ

ಕಳ್ಳರು ಸಿಕ್ಕಿದರು, ಒಪ್ಪಿಕೊಂಡರು. ಅಲ್ಲಿಗೆ ಸುಮಾಳ ಕಷ್ಟ ಮುಗಿಯಿತು ಅಂತ ನಾವೆಲ್ಲ ಅಂದುಕೊಂಡೆವು. ನಿಜ ಹೇಳಬೇಕೆಂದರೆ ಮೊದಲ ಎರಡು ವಾರ ನಾನು ಅವಳ ಬಗ್ಗೆ ಯೋಚಿಸಿಯೇ ಇರಲಿಲ್ಲ. ನನ್ನ ಕಡತದಲ್ಲಿ ಇದ್ದದ್ದು ಮಂಜು. ಮಕ್ಕಳ ಪರ ಕೆಲಸ ಮಾಡುತ್ತೇವೆ ಅಂತ ಹೇಳಿಕೊಳ್ಳುವ ನಾವು ಎಷ್ಟೋ ಸಲ ತಪ್ಪು ಮಾಡಿದ ಮಗುವಿನ ಕಡೆ ಮಾತ್ರ ನೋಡುತ್ತೇವೆ. ನೊಂದ ಮಗು ಸಾಕ್ಷಿಯ ಪಟ್ಟಿಯಲ್ಲಿ ಒಂದು ಹೆಸರಾಗಿ ಉಳಿದುಬಿಡುತ್ತದೆ.

ಸಂಘದಲ್ಲಿ ಆಗ ಬೇರೆಯೇ ಮಾತು ಎದ್ದಿತ್ತು. ಚಿಲಕ ಮುರಿಯದೆ ಬಾಗಿಲು ಹೇಗೆ ತೆರೆಯಿತು? ಹುಡುಗಿ ಚಿಲಕ ಹಾಕಲೇ ಇಲ್ಲ. ಮರೆತಳಾ? ಬೇಕಂತಲೇ ಬಿಟ್ಟಳಾ? ಆ ಹುಡುಗರು ದಿನಾ ಚಾ ಕುಡಿಯಲು ಬರುತ್ತಿದ್ದರಲ್ವಾ? ಬಾಯಿಂದ ಬಾಯಿಗೆ ಹೋಗುತ್ತಾ ಮಾತು ಬೆಳೆಯಿತು. ಶಾಲೆಯಲ್ಲೂ ಒಬ್ಬಳು ಕೇಳಿದಳಂತೆ, ‘ಅವನು ನಿಂಗೆ ಗೊತ್ತುಂಟಾ?’ ಅಂತ. ಅಕ್ಕ ಬಯ್ಯಲಿಲ್ಲ, ಹೊಡೆಯಲಿಲ್ಲ. ‘ನೀನು ಚಿಲಕ ಹಾಕಿದ್ದೆಯಾ?’ ಅಂತ ಒಂದು ಸಲ ಕೇಳಿದ್ದರು. ಸುಮಾ ‘ಹಾಕಿದ್ದೆ’ ಅಂದಿದ್ದಳು. ಆಮೇಲೆ ಅವರು ಕೇಳಲಿಲ್ಲ. ಆದರೆ ಅಂದಿನಿಂದ ಅಂಗಡಿ ಮುಚ್ಚುವ ಹೊತ್ತಿಗೆ ತಾವೇ ಇರುತ್ತಿದ್ದರು.

ಮೊದಲು ಮಾಡಿದ್ದು

ಜುಲೈ ಕೊನೆಯಲ್ಲಿ ನಾನು ಮಂಜುವಿನಿಂದ ಒಂದು ಕ್ಷಮಾಪಣೆ ಪತ್ರ ಬರೆಸಿದೆ. ಬರೆಸಿದೆ ಅನ್ನುವುದೇ ಸರಿಯಾದ ಮಾತು. ಅರ್ಧ ವಾಕ್ಯ ನನ್ನದು. ಅದನ್ನು ತೆಗೆದುಕೊಂಡು ಅಂಗಡಿಗೆ ಹೋದೆ. ಅಕ್ಕ ಕೈ ಒರೆಸಿಕೊಂಡು ತೆಗೆದುಕೊಂಡರು, ಎರಡು ಸಾಲು ಓದಿದರು, ಮಡಚಿ ಬಿಸ್ಕತ್ತಿನ ಡಬ್ಬಿಯ ಕೆಳಗೆ ಇಟ್ಟರು.

‘ಇದನ್ನು ಸಂಘಕ್ಕೆ ಕಟ್ಲಿಕ್ಕೆ ಆಗ್ತದಾ ಮೇಡಂ?’ ಅಂತ ಕೇಳಿದರು. ಸಿಟ್ಟಿನಿಂದಲ್ಲ, ಮೆಲ್ಲಗೆ.

ನನಗೆ ಉತ್ತರ ಇರಲಿಲ್ಲ. ಯಾರಿಗೆ ಏನು ನೋವಾಗಿದೆ ಅಂತ ಕೇಳುವ ಮೊದಲೇ ನಾನು ಕ್ಷಮೆ ಹಿಡಿದುಕೊಂಡು ಹೋಗಿದ್ದೆ.

ಆಗಸ್ಟಿನಲ್ಲಿ ಬೋಟುಗಳು ಇಳಿದವು. ಮಂಜುವಿನ ಅಪ್ಪ ಕೆಲಸ ಮಾಡುವ ಬೋಟಿನ ಮಾಲಕರು ಒಳ್ಳೆಯ ಮನಸ್ಸಿನಿಂದಲೇ ಒಂದು ದಾರಿ ಹೇಳಿದರು. ಬಾಕಿ ಹಣ ಪೂರ್ತಿ ತಾನು ಕೊಡುತ್ತೇನೆ, ಅಪ್ಪನ ಪಾಲಿನಲ್ಲಿ ಹಿಡಿದುಕೊಳ್ಳುತ್ತೇನೆ, ಇಲ್ಲಿಗೆ ಮುಗಿಸಿ ಅಂತ. ನಾನು ಅಕ್ಕನಿಗೆ ತೆಗೆದುಕೊಳ್ಳಿ ಅಂತಲೇ ಹೇಳಿದೆ. ಅವರು ವಾರಕ್ಕೆ 500ರಂತೆ ಸ್ವಂತ ಕೈಯಿಂದ ಸಂಘಕ್ಕೆ ತುಂಬುತ್ತಿದ್ದದ್ದು ನನಗೆ ಗೊತ್ತಿತ್ತು. ಅಕ್ಕ ಒಪ್ಪಲಿಲ್ಲ.

‘ಹಣ ಬೇಕು ಮೇಡಂ, ಬೇಡ ಅಂತ ಅಲ್ಲ. ಆದ್ರೆ ಈಗ ಇದು ಬಂದ್ರೆ ಊರಲ್ಲಿ ಎಲ್ಲ ಸರಿಯಾಯ್ತು ಅಂತಾರೆ. ನನ್ನ ಮಗಳು ಚಿಲಕ ಹಾಕದವಳಾಗಿಯೇ ಉಳೀತಾಳೆ.’

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ನಾನು ಹಣದ ಲೆಕ್ಕ ಹಾಕುತ್ತಿದ್ದೆ, ಅವರು ಮಗಳ ಲೆಕ್ಕ ಹಾಕುತ್ತಿದ್ದರು.

ಇನ್ನೊಂದು ಸಲಹೆಯೂ ಬಂದಿತ್ತು. ಹುಡುಗನನ್ನೂ ಹುಡುಗಿಯನ್ನೂ ದೈವದ ಎದುರು ನಿಲ್ಲಿಸಿ ಪ್ರಮಾಣ ಮಾಡಿಸಿ, ಆಮೇಲೆ ತಪ್ಪು ಕಾಣಿಕೆ ಹಾಕಿಸಿ ಅಂತ ಹಿರಿಯರೊಬ್ಬರು ಹೇಳಿದರು. ದೈವದ ಮೇಲೆ ನನಗೂ ಭಕ್ತಿ ಇದೆ, ಭಯವೂ ಇದೆ. ಆದರೆ 14 ವರ್ಷದ ಹುಡುಗಿಗೆ ತಾನು ಚಿಲಕ ಹಾಕಿದ್ದೇ ಈಗ ಖಾತ್ರಿ ಇಲ್ಲ. ಅವಳನ್ನು ಪ್ರಮಾಣಕ್ಕೆ ನಿಲ್ಲಿಸಿದರೆ ಆ ಹೆದರಿಕೆ ಜೀವನವಿಡೀ ಉಳಿಯುತ್ತದೆ. ಮನೆಯವರು ತಮ್ಮ ಮನಸ್ಸಿನ ಸಮಾಧಾನಕ್ಕೆ ಕಾಣಿಕೆ ಹಾಕುವುದಾದರೆ ಹಾಕಲಿ, ಮಕ್ಕಳನ್ನು ನಿಲ್ಲಿಸುವುದು ಮಾತ್ರ ಬೇಡ ಅಂತ ಕೈಮುಗಿದು ಕೇಳಿಕೊಂಡೆ. ಹಿರಿಯರು ಒಪ್ಪಿದರು. ತಪ್ಪು ಕಾಣಿಕೆ ಅನ್ನುವ ಮಾತು ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ತಪ್ಪಾದರೆ ಏನಾದರೂ ತಂದು ಒಪ್ಪಿಸಬೇಕು ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಒಪ್ಪಿಸಬೇಕಾದ್ದು ಯಾರಿಗೆ, ಏನನ್ನು ಅನ್ನುವುದಷ್ಟೇ ನಾವು ಹುಡುಕಬೇಕಿತ್ತು.

ಸುಮಾ ಕೇಳಿದ ಪ್ರಶ್ನೆ

ಆಮೇಲೆ ನಾನು ಸುಮಾಳ ಜೊತೆ ಕೂರಲು ಶುರು ಮಾಡಿದೆ. ಮೊದಲ ಎರಡು ಸಲ ಅವಳು ಮಾತಾಡಲಿಲ್ಲ. ಶಾಲೆ ಹೇಗಿದೆ ಅಂದರೆ ‘ಉಂಟು’ ಅಂದಳು. ಅಷ್ಟೇ. ಮೂರನೇ ಸಲ ನಾನು ಪ್ರಶ್ನೆ ಬಿಟ್ಟು ಅಂಗಡಿ ಮುಚ್ಚುವವರೆಗೂ ಸುಮ್ನೆ ಕೂತೆ.

ಅವಳು ಹಿಂಬಾಗಿಲಿನ ಚಿಲಕ ಹಾಕಿದಳು. ಹಿಡಿ ಹಿಡಿದು ಎಳೆದಳು. ಎದುರಿನ ಬಾಗಿಲಿಗೆ ಬೀಗ ಹಾಕಿ, ಬೀಗವನ್ನೂ ಎಳೆದಳು. ಆಮೇಲೆ ಮಳೆಯಲ್ಲೇ ಸುತ್ತು ಹಾಕಿ ಹಿಂದೆ ಹೋಗಿ, ಅಂಗೈ ಊರಿ ಬಾಗಿಲು ದೂಡಿ ನೋಡಿದಳು. ವಾಪಸು ಬಂದಳು. ನಾವು ಮೂವರೂ ರಸ್ತೆಗೆ ಬಂದು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಮತ್ತೆ ಓಡಿ ಹೋಗಿ ಹಿಂಬಾಗಿಲು ದೂಡಿ ಬಂದಳು. ಅಕ್ಕ ಕೊಡೆ ಹಿಡಿದುಕೊಂಡು ಕಾಯುತ್ತಾ ನಿಂತಿದ್ದರು. ದಿನಾ ಹೀಗೇ ಅಂತ ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ದಾರಿಯಲ್ಲಿ ಸುಮಾ ತಾನಾಗಿ ಕೇಳಿದಳು. ‘ಮೇಡಂ, ಆ ದಿನ ನಾನು ಚಿಲಕ ಹಾಕಿದ್ದೇನಾ? ಹಾಕಿದ್ದೇನೆ ಅಂತ ನೆನಪುಂಟು. ಆದ್ರೆ ಈಗ ಆ ದಿನದ ನೆನಪಾ, ಬೇರೆ ದಿನದ್ದಾ ಅಂತ ಗೊತ್ತಾಗುದಿಲ್ಲ. ಅವನಿಗೆ ಗೊತ್ತಿರ್ತದಲ್ವಾ?’

ಹೌದಲ್ಲ! ಮಂಜುವಿನ ಜೊತೆ ಅಷ್ಟರೊಳಗೆ ನಾಲ್ಕು ಸಲ ಕೂತಿದ್ದೆ. ಯಾಕೆ ಕದ್ದೆ, ಸಾಲ ಎಷ್ಟು, ಈಗ ಏನನ್ನಿಸುತ್ತದೆ, ಎಲ್ಲ ಕೇಳಿದ್ದೆ. ಒಳಗೆ ಹೇಗೆ ಹೋದೆ ಅಂತ ನಾನೂ ಕೇಳಿರಲಿಲ್ಲ. ವರದಿಯಲ್ಲಿ ಇದ್ದದ್ದು ‘ಹಿಂಬಾಗಿಲಿನ ಮೂಲಕ’ ಅಂತ ಒಂದು ಸಾಲು. ಕದ್ದದ್ದು ಒಪ್ಪಿಕೊಂಡ ಮೇಲೆ ಉಳಿದದ್ದು ಯಾರಿಗೂ ಬೇಕಿರಲಿಲ್ಲ.

ಮರುದಿನ ಮಂಜುವಿನ ಹತ್ತಿರ ಹೋದೆ. ಪ್ರಶ್ನೆ ಕೇಳಿದವಳು ಆ ಹುಡುಗಿ ಅಂತಲೂ ಹೇಳಿದೆ. ಅವನು ತಲೆ ಎತ್ತಿ ನೋಡಿದ.

‘ಚಿಲಕ ಹಾಕಿತ್ರೀ. ನಾನು ಮ್ಯಾಲಿಂದ ಇಳದೆ. ಹೆಂಚು ಸರಿಸಿ. ಹೋಗೂವಾಗ ಒಳಗಿಂದ ಚಿಲಕ ತಗದು ಹಿಂದಿನ ಬಾಗ್ಲಾಗ ಹೋದೆ. ಅವ ಮ್ಯಾಲ ಕುಂತು ಹೆಂಚು ಮತ್ತ ಕೂಡ್ಸಿದ.’

ಮಾಡಿನ ಹೆಂಚನ್ನು ಮೇಲಕ್ಕೆ ಸರಿಸಿ ತೆಗೆದು, ಮತ್ತೆ ಅಲ್ಲೇ ಕೂರಿಸಿದರೆ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಯಾರೂ ಮೇಲೆ ನೋಡಿರಲಿಲ್ಲ.

ಆ ರಾತ್ರಿ ನನಗೆ ದೊಡ್ಡ ಇಕ್ಕಟ್ಟು. ಇಬ್ಬರನ್ನೂ ಎದುರುಬದುರು ಕೂರಿಸುವ ಸಭೆ ಮೂರು ವಾರದ ಮೇಲೆ ಇತ್ತು. ಈ ಮಾತು ಅಲ್ಲೇ, ಅವನ ಬಾಯಿಂದಲೇ ಬಂದರೆ ಎಷ್ಟು ಗಟ್ಟಿಯಾಗಿರುತ್ತದೆ ಅಂತ ಆಸೆಯಾಯಿತು. ನನ್ನ ಹಿರಿಯ ಸಹೋದ್ಯೋಗಿಗೆ ಫೋನ್ ಮಾಡಿದೆ. ಅವರು ಒಂದೇ ಮಾತು ಹೇಳಿದರು. ‘ಆ ಉತ್ತರ ನಿಂದಲ್ಲ, ಅವಳದ್ದು. ಮೂರು ವಾರ ಅವಳು ಮಳೆಯಲ್ಲಿ ಬಾಗಿಲು ದೂಡ್ತಾ ಇರ್ಬೇಕಾ?’

ಬೆಳಿಗ್ಗೆ ಮಂಜುವಿನ ಒಪ್ಪಿಗೆ ಕೇಳಿದೆ, ಅಪ್ಪನ ಒಪ್ಪಿಗೆಯನ್ನೂ ಕೇಳಿದೆ. ಸಂಜೆ ಸುಮಾಳಿಗೂ ಅಕ್ಕನಿಗೂ ಹೇಳಿದೆ. ಅಕ್ಕ ತಕ್ಷಣ ಮೂಲೆ ಕಡೆ ನೋಡಿದರು. ಅಲ್ಲಿ ಒಂದು ಬಕೆಟ್ ಇತ್ತು. ಆಟಿಯಲ್ಲಿ ಶುರುವಾದ ಸೋರಿಕೆ, ನಿಂತೇ ಇರಲಿಲ್ಲ. ಹೆಂಚು ಒಡೆದಿರಬೇಕು, ಮಳೆ ಬಿಟ್ಟ ಮೇಲೆ ನೋಡುವ ಅಂತ ಬಕೆಟ್ ಇಟ್ಟಿದ್ದರು. ಕಳವಾದ ದಿನದಿಂದ ಪ್ರತಿ ಮಳೆಗೂ ಅದು ಅಲ್ಲಿ ಟಪ್ ಟಪ್ ಅಂತ ಬೀಳುತ್ತಿತ್ತು.

ಇನ್ನು ಸಭೆ ಬೇಕಾಗಲಿಕ್ಕಿಲ್ಲ ಅಂದುಕೊಂಡೆ. ಸುಮಾ ಬೇಕು ಅಂದಳು. ‘ಅವನೇ ಹೇಳ್ಬೇಕು. ಸಂಘದವರು ಇರುವಾಗ.’

ಎದುರುಬದುರು

ನೊಂದವರನ್ನೂ ತಪ್ಪು ಮಾಡಿದವರನ್ನೂ ಒಟ್ಟಿಗೆ ಕೂರಿಸಿ, ಆದ ನೋವು ಏನು, ಅದನ್ನು ಸರಿಮಾಡುವುದು ಹೇಗೆ ಅಂತ ಮಾತಾಡುವ ಈ ಕ್ರಮಕ್ಕೆ ಪುನಃಸ್ಥಾಪನಾ ನ್ಯಾಯ ಅಂತ ಹೆಸರು. ನ್ಯೂಜಿಲೆಂಡಿನಲ್ಲಿ 1989ರಲ್ಲೇ ಮಾವೊರಿ ಜನರ ಪದ್ಧತಿಯಿಂದ ಕಲಿತು, ಮಕ್ಕಳ ಪ್ರಕರಣಗಳಿಗೆ ಕುಟುಂಬ ಸಭೆಯನ್ನು ಕಾನೂನಿನೊಳಗೇ ತಂದರು. ನಮ್ಮ 2015ರ ಕಾಯ್ದೆಯಲ್ಲಿ ಅಂಥ ಸಭೆ ಇಲ್ಲ. ಆದರೆ ಸಾಧ್ಯವಾದಷ್ಟು ಕೋರ್ಟು ವಿಚಾರಣೆಯ ಹೊರಗೆ ದಾರಿ ಹುಡುಕಿ ಅನ್ನುವ ತತ್ವ 3ನೇ ಸೆಕ್ಷನ್ನಿನಲ್ಲಿದೆ. ಆಪ್ತಸಮಾಲೋಚನೆ, ಸಮುದಾಯ ಸೇವೆಯಂಥ ಆದೇಶ ಕೊಡಲು 18ನೇ ಸೆಕ್ಷನ್ನಿನಲ್ಲಿ ಅವಕಾಶವೂ ಇದೆ. ನಾವು ಮಂಡಳಿಗೆ ತಿಳಿಸಿ, ವಿಚಾರಣೆಯ ಜೊತೆಜೊತೆಗೆ ಇದನ್ನು ನಡೆಸಿದೆವು. ಇದು ರಾಜಿ ಅಲ್ಲ, ಪ್ರಕರಣ ಇದರಿಂದ ಬಿದ್ದುಹೋಗುವುದಿಲ್ಲ, ಇಲ್ಲಿ ಹುಡುಗ ಆಡಿದ ಮಾತನ್ನು ಅವನ ವಿರುದ್ಧ ಬಳಸುವಂತಿಲ್ಲ ಅಂತ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಜೊತೆ, ಎರಡೂ ಮನೆಯವರ ಜೊತೆ ಮೊದಲೇ ಮಾತಾಡಿಕೊಂಡೆವು. ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಕ್ಕೆ ಈ ದಾರಿಯನ್ನು ಯಾರೂ ಎಳೆದು ತರಬಾರದು. ಅಲ್ಲಿ ಇದು ಬಾಯಿ ಮುಚ್ಚಿಸುವ ಸಾಧನವಾಗುತ್ತದೆ.

ಪಂಚಾಯಿತಿಕೆ ನಮ್ಮ ಕಡೆ ಹೊಸತಲ್ಲ. ಆದರೆ ಅಲ್ಲಿ ಹಿರಿಯರು ಮಾತಾಡುತ್ತಾರೆ, ಮಕ್ಕಳು ಕೈಕಟ್ಟಿ ನಿಲ್ಲುತ್ತಾರೆ. ನಾವು ಅದನ್ನು ತಪ್ಪಿಸಬೇಕಿತ್ತು. ಸಂಘದಿಂದ ಎಷ್ಟು ಜನ ಅನ್ನುವುದೇ ಒಂದು ಚರ್ಚೆಯಾಯಿತು. ಜಾಸ್ತಿ ಜನ ಬಂದರೆ ಮಂಜುವಿನ ಗುರುತು ಹರಡುತ್ತದೆ, ಯಾರೂ ಬಾರದಿದ್ದರೆ ಸುಮಾಳಿಗೆ ಬೇಕಾದ್ದು ಸಿಗುವುದಿಲ್ಲ. ಕೊನೆಗೆ ಸಂಘದ ಅಧ್ಯಕ್ಷೆ ಮತ್ತು ಇನ್ನೊಬ್ಬರು, ಇಬ್ಬರೇ. ಇಲ್ಲಿಯ ಮಾತು ಹೊರಗೆ ಆಡುವುದಿಲ್ಲ, ಹುಡುಗಿ ಚಿಲಕ ಹಾಕಿದ್ದಳು ಅನ್ನುವುದನ್ನು ಮಾತ್ರ ಸಂಘಕ್ಕೆ ಹೇಳುತ್ತೇವೆ ಅಂತ ಇಬ್ಬರೂ ಬರೆದುಕೊಟ್ಟರು. ಇನ್ನೊಬ್ಬ ಹುಡುಗನ ಮನೆಯವರು ಬರುವುದಿಲ್ಲ ಅಂದರು. ಅವನನ್ನು ಸಂಬಂಧಿಕರ ಮನೆಗೆ ಕಳಿಸಿದ್ದರು. ಎರಡು ಸಲ ಹೋಗಿ ಕೇಳಿದೆ. ಒತ್ತಾಯ ಮಾಡಿ ಕರೆತಂದರೆ ಇದಕ್ಕೆ ಅರ್ಥವಿಲ್ಲ, ಅಲ್ಲಿಗೆ ಬಿಟ್ಟೆ.

ಸೆಪ್ಟೆಂಬರಿನ ಒಂದು ಶನಿವಾರ ಮಧ್ಯಾಹ್ನ, ಒಂದು ಗ್ರಂಥಾಲಯದ ಮೇಲಿನ ಕೋಣೆ. ಎಂಟು ಪ್ಲಾಸ್ಟಿಕ್ ಕುರ್ಚಿ, ನಡುವೆ ಮೇಜು ಇಲ್ಲ. ಸುಮಾಳ ಕುರ್ಚಿ ಬಾಗಿಲ ಹತ್ತಿರ. ಬೇಡ ಅನ್ನಿಸಿದರೆ ಯಾರನ್ನೂ ಕೇಳದೆ ಎದ್ದು ಹೋಗಬಹುದು ಅಂತ ಮೊದಲೇ ಹೇಳಿದ್ದೆ. ಅಕ್ಕ ಮಾತಾಡುವುದು ತುಳುವಿನಲ್ಲಿ, ಮಂಜುವಿನ ಅಪ್ಪನದ್ದು ಕೊಪ್ಪಳದ ಕನ್ನಡ. ನಡುವೆ ನಾನು ಎರಡೂ ಕಡೆ ಮಾತು ದಾಟಿಸುತ್ತಿದ್ದೆ. ಇದರಿಂದ ಪ್ರತಿ ಮಾತಿನ ಮಧ್ಯೆ ಒಂದು ಗಳಿಗೆ ಮೌನ ಬರುತ್ತಿತ್ತು. ಆ ಮೌನವೇ ಎಲ್ಲರನ್ನೂ ತಗ್ಗಿದ ದನಿಯಲ್ಲಿ ಇಟ್ಟಿತು ಅಂತ ಈಗ ಅನ್ನಿಸುತ್ತದೆ.

ಮಂಜು ನೆಲ ನೋಡುತ್ತಾ ಹೇಳಿದ. ಎಲ್ಲಿ ಹತ್ತಿದ್ದು, ಎಷ್ಟನೇ ಸಾಲಿನ ಹೆಂಚು, ಎಲ್ಲಿ ಕಾಲಿಟ್ಟು ಇಳಿದದ್ದು. ‘ಚಿಲಕ ಬಿಗಿ ಇತ್ತು. ಎರಡು ಕೈಲೆ ಎಳದೆ’ ಅಂದ. ಸುಮಾ ಕೇಳಿದಳು, ‘ನಮ್ಮ ಅಂಗಡಿಗೇ ಯಾಕೆ?’ ಅವನು ತುಂಬಾ ಹೊತ್ತು ಸುಮ್ಮನಿದ್ದ. ಚಾ ಕುಡಿಯುವಾಗ ಡಬ್ಬಿ ನೋಡಿದ್ದೆ, ಅಮ್ಮ ಆ ದಿನ ಬೇಗ ಹೋದದ್ದೂ ನೋಡಿದ್ದೆ ಅಂದ. ಆಮೇಲೆ, ‘ನಿಮ್ಮನ್ನ ಬೈತಾರ ಅಂತ ಗೊತ್ತಿರಲಿಲ್ಲ’ ಅಂದ. ಪತ್ರದಲ್ಲಿ ನಾನು ಬರೆಸಿದ ಯಾವ ವಾಕ್ಯಕ್ಕೂ ಈ ಮಾತಿನ ತೂಕ ಇರಲಿಲ್ಲ.

ನಾನು ನಿರೀಕ್ಷೆ ಮಾಡದೆ ಇದ್ದದ್ದು ಆಮೇಲೆ ನಡೆಯಿತು. ಸಂಘದ ಅಧ್ಯಕ್ಷೆ ಕುರ್ಚಿ ಬಿಟ್ಟು ಎದ್ದು ಸುಮಾಳ ಹತ್ತಿರ ಹೋದರು. ‘ಎನ್ನ ಬಾಲೆ’ ಅಂತ ಅವಳ ತಲೆ ಮೇಲೆ ಕೈಯಿಟ್ಟರು. ಹುಡುಗಿ ಚಿಲಕ ಹಾಕಲಿಲ್ಲ ಅನ್ನುವ ಮಾತು ಮೊದಲು ಆಡಿದವಳು ನಾನೇ ಅಂತ ಎಲ್ಲರ ಎದುರು ಹೇಳಿದರು. ಸುಮಾ ಅಳಲಿಲ್ಲ. ಅಕ್ಕ ಅತ್ತರು. ಮಂಜುವಿನ ಅಪ್ಪ ಎದ್ದು ನಿಂತುಬಿಟ್ಟರು, ಏನು ಮಾಡಬೇಕು ಅಂತ ಗೊತ್ತಾಗದೆ.

ಹಣದ ಮಾತು ಕೊನೆಗೆ ಬಂತು, ಬೇಗ ಮುಗಿಯಿತು. ಸಿಕ್ಕಿದ 5,200 ಮಂಡಳಿಯ ಮೂಲಕ ವಾಪಸು ಬರುತ್ತದೆ. ಉಳಿದ 13,200ರಲ್ಲಿ ಮಂಜುವಿನ ಪಾಲು 6,600. ವಾರಕ್ಕೆ 600ರಂತೆ ಅವನೇ ದುಡಿದು, ಅವನೇ ಬಂದು ಕೊಡಬೇಕು. ಹದಿನೆಂಟು ತುಂಬದವರಿಂದ ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಮಾಡಿಸುವಂತಿಲ್ಲ, ಹಾಗಾಗಿ ಬಂದರಿನ ಬೆಳಗಿನ ಜಾವದ ಕೆಲಸ ಬಿಡಿಸಿ ಹಗಲು ಕೆಲಸ ಹುಡುಕಿದೆವು. ಇನ್ನೇನಾದರೂ ಬೇಕಾ ಅಂತ ಸುಮಾಳನ್ನು ಕೇಳಿದೆ.

‘ಹೆಂಚು ಸರಿ ಮಾಡಿ ಕೊಡ್ಲಿ’ ಅಂದಳು.

ಮುಂದಿನ ಭಾನುವಾರ ಅಪ್ಪ ಮಗ ಇಬ್ಬರೂ ಏಣಿ ತಂದರು. ಗಾರೆ ಕೆಲಸದವರು ಮಾಡು ರಿಪೇರಿಗೆ ಬಂದಿದ್ದಾರೆ ಅಂತಷ್ಟೇ ದಾರಿಯಲ್ಲಿ ಹೋಗುವವರಿಗೆ ಕಂಡಿರಬೇಕು. ಸುಮಾ ಕೆಳಗೆ ನಿಂತು, ಯಾವ ಹೆಂಚು ಅಂತ ನೋಡಿಕೊಂಡಳು. ಬಕೆಟ್ ಹೊರಗೆ ಬಂತು.

ಏನಾಯಿತು, ಏನು ಕಲಿತೆ

ನವೆಂಬರಿನಲ್ಲಿ ಮಂಡಳಿ ವಿಚಾರಣೆ ಮುಗಿಸಿತು. ಬುದ್ಧಿ ಹೇಳಿ, ಗುಂಪು ಆಪ್ತಸಮಾಲೋಚನೆಗೆ ಸೇರಬೇಕು ಅಂತ ಆದೇಶ ಕೊಟ್ಟು ಮಂಜುವನ್ನು ಮನೆಗೆ ಕಳಿಸಿತು. ಇನ್ನೊಬ್ಬ ಹುಡುಗನ ಪಾಲಿನ 6,600 ಅಕ್ಕನಿಗೆ ಸಿಗಲಿಲ್ಲ. ಇದು ನನಗೆ ಈಗಲೂ ನೋವು. ಆ ಹುಡುಗನಿಗೂ ನಾವು ಏನೂ ಮಾಡಿದ ಹಾಗಾಗಲಿಲ್ಲ.

ಸುಮಾಳಿಗೆ ಜಾಸ್ತಿ ನೋವು ಕೊಟ್ಟದ್ದು ಕಳವು ಅಲ್ಲ, ತನ್ನವರ ಅನುಮಾನ. ಆ ಅನುಮಾನ ತೆಗೆಯಲು ಬೇಕಾದ ಮಾತು ಇದ್ದದ್ದು ಕದ್ದವನ ಹತ್ತಿರ ಮಾತ್ರ. ಪೊಲೀಸರೋ, ನಾನೋ, ಹಣವೋ ಅದನ್ನು ಕೊಡಲು ಆಗುತ್ತಿರಲಿಲ್ಲ. ಈಗ ಹೊಸ ಪ್ರಕರಣ ಬಂದರೆ ನಾನು ಮೊದಲ ವಾರವೇ ನೊಂದ ಮಗುವಿನ ಹತ್ತಿರ ಹೋಗುತ್ತೇನೆ. ಕ್ಷಮೆ ಬೇಕಾ ಅಂತ ಕೇಳುವುದಿಲ್ಲ, ಅವನಿಂದ ನಿನಗೆ ಏನು ತಿಳಿಯಬೇಕು ಅಂತ ಕೇಳುತ್ತೇನೆ. ಉತ್ತರ ಸಿಕ್ಕರೆ ಸಭೆಯವರೆಗೆ ಇಟ್ಟುಕೊಳ್ಳುವುದಿಲ್ಲ. ಕ್ಷಮಾಪಣೆ ಪತ್ರ ಬರೆಸುವುದನ್ನು ಬಿಟ್ಟಿದ್ದೇನೆ.

ಮಂಜು ನಡುವೆ ಎರಡು ವಾರ ಹಣ ತರಲಿಲ್ಲ. ಕೆಲಸ ಬಿಟ್ಟುಹೋಗಿತ್ತು, ಹೇಳಲು ನಾಚಿಕೆ. ಅಕ್ಕ ನನಗೆ ಫೋನ್ ಮಾಡಿ, ‘ಹುಡುಗ ಕಾಣ್ತಾ ಇಲ್ಲ, ಜ್ವರವಾ?’ ಅಂತ ಕೇಳಿದರು. ಡಿಸೆಂಬರಿನಲ್ಲಿ ಕೊನೆಯ ಕಂತು ತಂದ ದಿನ ನಾನೂ ಅಂಗಡಿಯಲ್ಲಿದ್ದೆ. ಸುಮಾ ನೋಟು ಎಣಿಸಿ ಪುಸ್ತಕದಲ್ಲಿ ಬರೆದಳು. ಅವನು ಸ್ವಲ್ಪ ಹೊತ್ತು ನಿಂತು, ಒಂದು ಚಾ ಕೇಳಿದ. ಅಕ್ಕ ಕೊಟ್ಟರು. ಕುಡಿದು ಲೋಟ ಇಟ್ಟು ಇಪ್ಪತ್ತು ರೂಪಾಯಿ ನೋಟು ಕೊಟ್ಟ. ಸುಮಾ ಡಬ್ಬಿ ತೆರೆದು, ಹತ್ತು ರೂಪಾಯಿ ಚಿಲ್ಲರೆ ಅವನ ಕೈಗೆ ಹಾಕಿದಳು.